ಟ್ರೈಲರ್ ಜೋಡಿಸೋವಾಗ ಯಾರಾದ್ರೂ ಮಾತಾಡ್ಸಿದ್ರೆ

ಹೋದ ವರ್ಷದ ಮಾತು. ಮೂರು ದಿನದ ಕ್ಯಾಂಪಿಂಗ್ ಮುಗಿಸಿ ಬೆಳಗ್ಗೆ ಹೊರಟಿದ್ವಿ, ಸೈಟ್ ಬಿಟ್ಟು ಐವತ್ತು ಮೀಟರ್ ಕೂಡ ಹೋಗಿರ್ಲಿಲ್ಲ, ಗೇಟ್ ಹತ್ರ ಇರೋ ಹಂಪ್ ಮೇಲೆ ಗಾಡಿಯ ಹಿಂದಿನ ಚಕ್ರ ಹತ್ತಿ ಇಳೀತಿದ್ದ ಹಾಗೇ ದಡ್ ಅಂತ ಸದ್ದು, ಹಿಂದಿಂದ ಯಾರೋ ಹಿಡಿದು ಜಗ್ಗಿದ ಹಾಗಾಯ್ತು. "ಅಪ್ಪಾ, ಏನೋ ಬಿತ್ತು" ಅಂದ್ಳು ಹಿಂದಿನ ಸೀಟಲ್ಲಿದ್ದ ಮಗಳು. ಬಿದ್ದಿದ್ದು ಗಾಡಿ ಹಿಂದೆ ಕಟ್ಟಿ ಎಳ್ಕೊಂಡು ಹೋಗೋ ನಮ್ಮ ಕ್ಯಾಂಪಿಂಗ್ ಟ್ರೈಲರಿನ ಮೂತಿ. ಆ ಮೂತಿ ತುದೀಲಿರೋ ಬಟ್ಟಲಿನಂಥ ಕೊಂಡಿ, ಅಂದ್ರೆ ಕಪ್ಲರ್, ಗಾಡಿ ಹಿಂದೆ ಇರೋ ಲೋಹದ ಗುಂಡಿನ, ಅಂದ್ರೆ ಬಾಲ್ ಮೇಲಿಂದ ಎಗರಿ ಹೊರಗೆ ಬಂದಿತ್ತು, ಕತ್ತರಿ ಥರ ಕ್ರಾಸ್ ಮಾಡಿ ಹಾಕಿದ್ದ ಎರಡು ಸೇಫ್ಟಿ ಚೈನ್ ಅದನ್ನ ನೆಲಕ್ಕೆ ಚುಚ್ಚದ ಹಾಗೆ ಹಿಡ್ಕೊಂಡಿದ್ವು. ನಡೆಯೋ ಸ್ಪೀಡಲ್ಲಿ ಇದ್ವಿ, ಯಾರಿಗೂ ಏನೂ ಆಗ್ಲಿಲ್ಲ, ನಾನು ಬ್ರೇಕ್ ಒತ್ತಿದಾಗ ಟ್ರೈಲರ್ ಮುಂದೆ ಬಂದು ಬಂಪರಿಗೆ ಗುದ್ದಿ ಸ್ವಲ್ಪ ತಗ್ಗಾಯ್ತು ಅಷ್ಟೆ. ಅದೇ ಇನ್ನು ಹತ್ತು ನಿಮಿಷ ಆದ್ಮೇಲೆ ಹೈವೇ ಮೇಲೆ ಆಗಿದ್ರೆ, ಎದುರಿಗೆ ಬರ್ತಿದ್ದೋರ ಗತಿ ಏನು ಅಂತ ನೆನಪಾದ್ರೆ ಇವತ್ತಿಗೂ ಕೈ ತಣ್ಣಗಾಗುತ್ತೆ.

ಇದು ನಂಗೆ ಗೊತ್ತಿಲ್ದೆ ಆದ ತಪ್ಪಲ್ಲ, ಅದಕ್ಕೇ ಬರೀತಿರೋದು. ಕಪ್ಲರನ್ನ ಬಾಲಿಗೆ ಬಿಗಿಯೋ ಲ್ಯಾಚ್ ಹಾಕಿದ್ಮೇಲೆ ಚೆಕ್ ಮಾಡ್ಬೇಕು ಅಂತ ಗೊತ್ತು, ಆ ಲ್ಯಾಚಿನ ತೂತಿಗೆ ಪಿನ್ ಹಾಕ್ಬೇಕು ಅಂತ ಗೊತ್ತು, ಎಷ್ಟೋ ಸಲ ಮಾಡಿದೀನಿ. ಅವತ್ತು ಆಗಿದ್ದೇನು ಅಂದ್ರೆ, ನಾನು ಲ್ಯಾಚ್ ಹಾಕಿ ಪಿನ್ ಕೈಯಲ್ಲಿ ತಗೊಳ್ಳೋ ಹೊತ್ತಿಗೆ ಪಕ್ಕದ ಸೈಟಿನವರು ಬಂದ್ರು, ತುಂಬಾ ಒಳ್ಳೆ ಜನ, ಹಿಂದಿನ ದಿನ ಮಕ್ಕಳ ಜೊತೆ ಆಟ ಆಡಿದ್ರು, ನಮ್ಮ ಆನಿಂಗ್ (ನೆರಳಿಗೆ ಬಿಚ್ಚೋ ಬಟ್ಟೆ ಚಪ್ಪರ) ಬಗ್ಗೆ ಏನೋ ಕೇಳಿದ್ರು, ನಾನು ಎದ್ದು ಹೋಗಿ ತೋರಿಸ್ದೆ, ನಂಬರ್ ಕೊಟ್ಟೆ, ವಾಪಸ್ ಬಂದು ಚೈನ್ ಹಾಕ್ದೆ, ವಯರ್ ಪ್ಲಗ್ ಮಾಡ್ದೆ, ಹೊರಟೆ. ಪಿನ್ ಆಮೇಲೆ ನನ್ನ ಪ್ಯಾಂಟ್ ಜೇಬಲ್ಲಿ ಸಿಕ್ತು. ಕೆಲಸ ಅರ್ಧಕ್ಕೆ ನಿಂತಿದ್ದು ನಿಜ, ಆದ್ರೆ ನನ್ನ ತಲೆ ಮಾತ್ರ ಅದನ್ನ ಮುಗೀತು ಅಂತ ಲೆಕ್ಕ ಹಾಕ್ಕೊಂಡು ಮುಂದಿನದಕ್ಕೆ ಹೋಗಿತ್ತು.

ಆಮೇಲೆ ಬೇರೆ ಟ್ರೈಲರ್ ಎಳೆಯೋರನ್ನ ಮಾತಾಡ್ಸಿದಾಗ್ಲೂ ಇದೇ ಕಥೆ. ಯಾರೋ ಬಂದ್ರು, ಫೋನ್ ಬಂತು, ಮಗು ಕೂಗ್ತು, ಮಳೆ ಶುರುವಾಯ್ತು. ಹೇಗೆ ಮಾಡ್ಬೇಕು ಅಂತ ಗೊತ್ತಿಲ್ದೆ ತಪ್ಪಾಯ್ತು ಅಂದೋರು ಒಬ್ಬರೂ ಇರ್ಲಿಲ್ಲ. ವಿಮಾನದವರು ಇದನ್ನ ಬಹಳ ಹಿಂದೇನೇ ಅರ್ಥ ಮಾಡ್ಕೊಂಡಿದ್ರು. ಅಮೆರಿಕದಲ್ಲಿ 1981ರಲ್ಲೇ ಒಂದು ನಿಯಮ ಬಂತು, ವಿಮಾನ ನೆಲದ ಮೇಲೆ ಓಡೋವಾಗ, ಏರೋವಾಗ, ಇಳಿಯೋವಾಗ, ಸಾಮಾನ್ಯವಾಗಿ 10,000 ಅಡಿಗಿಂತ ಕೆಳಗೆ ಇರೋವಾಗೆಲ್ಲ ಕಾಕ್‌ಪಿಟ್ ಒಳಗೆ ಕೆಲಸಕ್ಕೆ ಸಂಬಂಧ ಇಲ್ಲದ ಮಾತು ಆಡೋ ಹಾಗಿಲ್ಲ ಅಂತ. ಅಷ್ಟು ಟ್ರೇನಿಂಗ್ ಆದ ಪೈಲಟ್‌ಗಳಿಗೇ ಈ ನಿಯಮ ಬೇಕಾಯ್ತು ಅಂದ್ರೆ ನಾವು ಯಾವ ಲೆಕ್ಕ. ಈಗ ನಾನೂ ಅದನ್ನೇ ಮಾಡ್ತೀನಿ. ಜೋಡಿಸೋಕೆ ಶುರು ಮಾಡಿದ್ಮೇಲೆ ಯಾರಾದ್ರೂ ಬಂದ್ರೆ "ಹತ್ತು ನಿಮಿಷ ಕೊಡಿ, ಇದನ್ನ ಮುಗಿಸಿ ಬಂದ್ಬಿಡ್ತೀನಿ" ಅಂತೀನಿ, ಇದುವರೆಗೆ ಯಾರೂ ಬೇಜಾರು ಮಾಡ್ಕೊಂಡಿಲ್ಲ. ಫೋನು ಗಾಡಿ ಒಳಗೇ ಇರುತ್ತೆ. ಎಷ್ಟೇ ಮಾಡಿದ್ರೂ ಕೆಲವೊಮ್ಮೆ ಮಧ್ಯೆ ಏಳಲೇಬೇಕಾಗುತ್ತೆ, ಆಗ ವಾಪಸ್ ಬಂದು ಬಿಟ್ಟ ಜಾಗದಿಂದ ಶುರು ಮಾಡಲ್ಲ, ಮೊದಲಿಂದ ಎಲ್ಲಾನೂ ಇನ್ನೊಂದು ಸಲ ಮುಟ್ಟಿ ನೋಡ್ಕೊಂಡು ಬರ್ತೀನಿ. ಬಿಟ್ಟ ಜಾಗ ಯಾವುದು ಅನ್ನೋ ನೆನಪೇ ಅಲ್ವಾ ಇಲ್ಲಿ ಕೈ ಕೊಡೋದು.

ಸರಿ, ಈಗ ಕಪ್ಲರ್ ವಿಷಯಕ್ಕೆ ಬರ್ತೀನಿ, ಇದೊಂದನ್ನ ಸ್ವಲ್ಪ ಉದ್ದಕ್ಕೇ ಬರೀತೀನಿ.

ಮೊದಲು ಬಾಲ್ ಸೈಜ್. ಅಮೆರಿಕದ ಕಡೆಯ ಟ್ರೈಲರ್‌ಗಳಲ್ಲಿ ಸಾಮಾನ್ಯವಾಗಿ ಮೂರು ಸೈಜ್ ಇರುತ್ತೆ, 1 7/8 ಇಂಚು, 2 ಇಂಚು, 2 5/16 ಇಂಚು. ಯೂರೋಪಿನ ಕಡೆ 50 ಎಂಎಂ. ಮೊದಲ ಎರಡಕ್ಕೆ ಇರೋ ವ್ಯತ್ಯಾಸ ಬರೀ 3 ಎಂಎಂ ಚಿಲ್ಲರೆ, ಕಣ್ಣಲ್ಲಿ ನೋಡಿ ಹೇಳೋಕೆ ಆಗಲ್ಲ. 2 ಇಂಚಿನ ಕಪ್ಲರನ್ನ 1 7/8 ಬಾಲ್ ಮೇಲೆ ಇಳಿಸಿದ್ರೆ ಚೆನ್ನಾಗೇ ಕೂರುತ್ತೆ, ಲ್ಯಾಚ್ ಬೀಳುತ್ತೆ, ಪಿನ್ನೂ ಹೋಗುತ್ತೆ, ಎಲ್ಲಾ ಸರಿ ಇದೆ ಅನ್ಸುತ್ತೆ, ಮೊದಲ ದೊಡ್ಡ ಗುಂಡಿ ಸಿಕ್ಕಾಗ ಎಗರಿ ಬರುತ್ತೆ. ದೊಡ್ಡ ಬಾಲ್ ಆದ್ರೆ ಕಪ್ಲರ್ ಕೂರೋದೇ ಇಲ್ಲ, ಹಾಗಾಗಿ ಅಪಾಯ ಯಾವಾಗ್ಲೂ ಚಿಕ್ಕ ಬಾಲ್ ಕಡೆಯಿಂದ. ಸೈಜನ್ನ ಬಾಲ್ ತಲೆ ಮೇಲೂ ಕಪ್ಲರ್ ಮೇಲೂ ಒತ್ತಿರ್ತಾರೆ, ಎರಡನ್ನೂ ಓದಿ. ಬೇರೆಯವರ ಗಾಡಿ ತಗೊಂಡಾಗ, ಬಾಡಿಗೆ ಟ್ರೈಲರ್ ತಗೊಂಡಾಗ ಖಂಡಿತ ಓದಿ.

ಎರಡನೇದು, ಕಪ್ಲರ್ ನಿಜವಾಗ್ಲೂ ಬಾಲ್ ಮೇಲೆ ಇಳಿದಿದ್ಯಾ ಅನ್ನೋದು. ನಂಗೆ ಅವತ್ತು ಆಗಿದ್ದು ಇದೇ. ಕಪ್ಲರ್ ಒಳಗೆ ಬಾಲನ್ನ ಕೆಳಗಿಂದ ಕಚ್ಚಿ ಹಿಡಿಯೋ ಒಂದು ನಾಲಿಗೆ ಇರುತ್ತೆ. ಕಪ್ಲರ್ ಪೂರ್ತಿ ಇಳಿದ್ರೆ ಮಾತ್ರ ಆ ನಾಲಿಗೆ ಬಾಲ್ ಕೆಳಗೆ ಹೋಗುತ್ತೆ. ಸ್ವಲ್ಪ ಹಿಂದೆ ಮುಂದೆ ಆಗಿದ್ರೆ ಕಪ್ಲರ್ ಬಾಲಿನ ತಲೆ ಮೇಲೆ ಸುಮ್ನೆ ಕೂತಿರುತ್ತೆ, ನಾಲಿಗೆ ಬಾಲಿನ ಪಕ್ಕಕ್ಕೆ ಒತ್ಕೊಂಡಿರುತ್ತೆ, ಲ್ಯಾಚ್ ಹ್ಯಾಂಡಲ್ ಮುಕ್ಕಾಲು ಭಾಗ ಕೆಳಗೆ ಬಂದು ಹಾಕಿದ ಹಾಗೇ ಕಾಣುತ್ತೆ. ಮೇಲಿಂದ ನೋಡಿದ್ರೆ ವ್ಯತ್ಯಾಸ ಗೊತ್ತಾಗಲ್ಲ. ಪಿನ್ ಹಾಕೋಕೆ ಹೋದ್ರೆ ತೂತುಗಳು ಒಂದಕ್ಕೊಂದು ಸರಿಯಾಗಿ ಬರ್ತಾ ಇರ್ಲಿಲ್ಲ, ಆಗ ಗೊತ್ತಾಗ್ತಿತ್ತು. ಪಿನ್ ಇರೋದು ಲ್ಯಾಚ್ ಬಿಚ್ಚದ ಹಾಗೆ ಹಿಡಿಯೋಕೆ ಅಂತ ನಾನು ಅಂದ್ಕೊಂಡಿದ್ದೆ, ಅದು ಲ್ಯಾಚ್ ಬಿದ್ದಿದ್ಯಾ ಇಲ್ವಾ ಅಂತ ಹೇಳೋ ಸಾಕ್ಷಿ ಕೂಡ ಹೌದು ಅಂತ ಅವತ್ತು ತಿಳೀತು. ಪಿನ್ ಸಲೀಸಾಗಿ ಹೋಗ್ತಿಲ್ಲ ಅಂದ್ರೆ ಸುತ್ತಿಗೆ ತಗೋಬೇಡಿ, ಕಪ್ಲರ್ ಎತ್ತಿ ಮತ್ತೆ ಇಳಿಸಿ.

ಆದ್ರೂ ಪಿನ್ ಒಂದನ್ನೇ ನಂಬಬೇಡಿ. ಲ್ಯಾಚ್ ಹಾಕಿ ಪಿನ್ ಹಾಕಿದ್ಮೇಲೆ ಟಂಗ್ ಜಾಕನ್ನ, ಅಂದ್ರೆ ಟ್ರೈಲರಿನ ಮುಂದೆ ಚಾಚಿರೋ ಟಂಗ್ ಅನ್ನೋ ಕಂಬಿಗೆ ಇರೋ ಜಾಕನ್ನ, ಮತ್ತೆ ಕೆಳಗೆ ಇಳಿಸಿ, ಟ್ರೈಲರಿನ ಮೂತೀನ ಒಂದು ಎರಡು ಇಂಚು ಮೇಲಕ್ಕೆ ಎತ್ತಿ. ಸರಿಯಾಗಿ ಕಚ್ಕೊಂಡಿದ್ರೆ ಗಾಡಿಯ ಹಿಂಭಾಗಾನೂ ಅದರ ಜೊತೆ ಮೇಲೆ ಏಳುತ್ತೆ. ಕಚ್ಕೊಂಡಿಲ್ಲ ಅಂದ್ರೆ ಕಪ್ಲರ್ ಒಂದೇ ಮೇಲೆ ಬರುತ್ತೆ, ಬಾಲ್ ಅಲ್ಲೇ ಉಳಿಯುತ್ತೆ. ಒಂದು ನಿಮಿಷದ ಕೆಲಸ. ನಾನು ಅದನ್ನ ಮಾಡ್ತಿದ್ದೆ, ಮಾಡ್ತಾ ಮಾಡ್ತಾ ಯಾವಾಗ್ಲೂ ಸರಿ ಇರುತ್ತಲ್ಲ ಅಂತ ಬಿಟ್ಟೆ. ಎತ್ತಿ ನೋಡೋದರ ಜೊತೆಗೆ ಈಗ ಟಾರ್ಚ್ ಹಿಡಿದು ಬಗ್ಗಿ ಕೆಳಗಿಂದ ಆ ನಾಲಿಗೇನ ಕಣ್ಣಾರೆ ನೋಡ್ತೀನಿ.

ಹಾಗೇ ಗಾಡಿ ಹಿಂದಿನ ಚೌಕ ಕೊಳವೆ, ಅಂದ್ರೆ ರಿಸೀವರ್ ಒಳಗೆ ಬಾಲ್ ಇರೋ ರಾಡನ್ನ ಹಿಡಿದಿರೋ ದಪ್ಪ ಪಿನ್ ಮತ್ತು ಅದರ ಕ್ಲಿಪ್ಪು. ಇದನ್ನ ಜನ ಸೀಸನ್ನಿಗೊಮ್ಮೆ ಹಾಕಿ ಮರೆತುಬಿಡ್ತಾರೆ. ಕ್ಲಿಪ್ ಎಲ್ಲೋ ಪೊದೆಗೆ ಸಿಕ್ಕಿ ಬಿದ್ದಿರಬಹುದು, ಬಿದ್ರೆ ಪಿನ್ ನಿಧಾನಕ್ಕೆ ಹೊರಗೆ ಜಾರುತ್ತೆ. ಪ್ರತಿ ಸಲ ಮುಟ್ಟಿ ನೋಡಿ.

ಚೈನ್ ವಿಷಯದಲ್ಲಿ ನಂಗೆ ಈಗ ಒಂದು ಥರ ಭಕ್ತೀನೇ ಇದೆ. ಎಡಗಡೆ ಚೈನ್ ಬಲಕ್ಕೆ, ಬಲಗಡೆದು ಎಡಕ್ಕೆ, ಟಂಗ್ ಕೆಳಗಿಂದ ಕ್ರಾಸ್ ಮಾಡಿ ಹಾಕಿದ್ರೆ ಕಪ್ಲರ್ ಬಿಟ್ಟಾಗ ಮೂತಿ ಆ ತೊಟ್ಟಿಲಲ್ಲಿ ಬೀಳುತ್ತೆ. ಕ್ರಾಸ್ ಮಾಡದೆ ನೇರ ಹಾಕಿದ್ರೆ ಮೂತಿ ನೆಲಕ್ಕೆ ಬಿದ್ದು ರಸ್ತೆಗೆ ಚುಚ್ಚಿಕೊಳ್ಳುತ್ತೆ. ತಿರುವಲ್ಲಿ ಬಿಗಿಯಾಗದಷ್ಟು ಸಡಿಲ ಇರ್ಬೇಕು, ರಸ್ತೆಗೆ ಉಜ್ಜೋ ಅಷ್ಟು ಇರಬಾರದು, ಉಜ್ಜಿದ್ರೆ ಕೊಂಡಿ ಸವೆಯುತ್ತೆ, ಒಣ ಹುಲ್ಲಿನ ಪಕ್ಕ ಕಿಡಿ ಹಾರಿದ್ರೆ ಬೇರೇನೇ ಅನಾಹುತ. ಉದ್ದ ಜಾಸ್ತಿ ಇದ್ರೆ ಒಂದೆರಡು ಸುತ್ತು ತಿರುಚಿ ಹಾಕ್ತೀನಿ ಅಂತ ಕೆಲವರು ಅಂತಾರೆ, ನಂಗೆ ಅದು ಸರಿ ಅನ್ಸಲ್ಲ, ತಿರುಚಿದ ಕೊಂಡಿ ಮೇಲೆ ಭಾರ ಸರಿಯಾಗಿ ಬೀಳಲ್ಲ, ಸರಿಯಾದ ಉದ್ದದ್ದು ಹಾಕಿಸ್ಕೊಳ್ಳೋದೇ ವಾಸಿ.

ಬ್ರೇಕ್‌ಅವೇ ಕೇಬಲ್ ಅಂತ ಇನ್ನೊಂದು ತೆಳ್ಳಗಿನ ವಯರ್ ಇರುತ್ತಲ್ಲ, ಅದರ ಕೆಲಸ ಏನು ಅಂತಾನೇ ತುಂಬಾ ಜನಕ್ಕೆ ಗೊತ್ತಿಲ್ಲ. ಎಲೆಕ್ಟ್ರಿಕ್ ಬ್ರೇಕ್ ಇರೋ ಟ್ರೈಲರ್ ಪೂರ್ತಿ ಬಿಟ್ಟು ಹೋದ್ರೆ ಈ ಕೇಬಲ್ ಎಳೆದು ಒಂದು ಚಿಕ್ಕ ಪಿನ್ ಹೊರಗೆ ಬರುತ್ತೆ, ಆಗ ಟ್ರೈಲರಿನದೇ ಬ್ಯಾಟರಿಯಿಂದ ಅದರ ಬ್ರೇಕ್ ತಾನಾಗಿ ಹಿಡಿಯುತ್ತೆ. ಅಂದ್ರೆ ಬ್ಯಾಟರಿ ಖಾಲಿ ಇದ್ರೆ ಈ ಕೇಬಲ್ ಇದ್ದೂ ಇಲ್ಲದ ಹಾಗೆ. ಇದನ್ನ ಸೇಫ್ಟಿ ಚೈನಿಗೆ ಸಿಕ್ಕಿಸೋದು, ಬಾಲ್ ಇರೋ ರಾಡಿಗೆ ಸುತ್ತೋದು ಎರಡೂ ತಪ್ಪು, ಯಾಕಂದ್ರೆ ರಾಡೇ ಕಿತ್ಕೊಂಡು ಬಂದ್ರೆ ಕೇಬಲ್ಲೂ ಅದರ ಜೊತೆಗೇ ಬರುತ್ತೆ, ಪಿನ್ ಎಳೆಯೋಕೆ ಯಾರೂ ಇರಲ್ಲ. ಗಾಡಿಯ ಗಟ್ಟಿ ಭಾಗಕ್ಕೆ ಬೇರೆಯಾಗಿ ಹಾಕ್ಬೇಕು. ಇನ್ನೊಂದು, ನಿಲ್ಲಿಸಿದಾಗ ಹ್ಯಾಂಡ್‌ಬ್ರೇಕ್ ಥರ ಇರ್ಲಿ ಅಂತ ಈ ಪಿನ್ ಕಿತ್ತಿಡೋರನ್ನ ನೋಡಿದೀನಿ, ದಯವಿಟ್ಟು ಬೇಡ, ಬ್ಯಾಟರಿ ಇಳಿದ ಮೇಲೆ ಬ್ರೇಕ್ ಬಿಟ್ಟುಬಿಡುತ್ತೆ.

ಲೈಟು ನೋಡೋದು ಎಲ್ಲರಿಗೂ ಗೊತ್ತು, ಒಬ್ಬರು ಹಿಂದೆ ನಿಂತು ಎಡ ಬಲ ಬ್ರೇಕ್ ಮೂರೂ ಕೂಗಿ ಹೇಳಿದ್ರೆ ಆಯ್ತು. ಅದಕ್ಕಿಂತ ಜನ ಬಿಡೋದು ಟ್ರೈಲರ್ ಬ್ರೇಕ್ ಟೆಸ್ಟ್. ಡ್ರೈವರ್ ಹತ್ರ ಇರೋ ಟ್ರೈಲರ್ ಬ್ರೇಕ್ ಕಂಟ್ರೋಲರ್ ಮೇಲೆ ಕೈಯಲ್ಲಿ ಒತ್ತೋ ಲಿವರ್ ಇರುತ್ತೆ, ನಿಧಾನ ಮುಂದೆ ಹೋಗ್ತಾ ಕಾಲಿನ ಬ್ರೇಕ್ ಮುಟ್ಟದೆ ಬರೀ ಅದನ್ನ ಒತ್ತಿ, ಟ್ರೈಲರ್ ಹಿಂದಿಂದ ಹಿಡಿದು ಎಳೆದ ಹಾಗೆ ಆಗ್ಬೇಕು. ಆಗ್ಲಿಲ್ಲ ಅಂದ್ರೆ ಪ್ಲಗ್ ಪೂರ್ತಿ ಕೂತಿಲ್ಲದೆ ಇರಬಹುದು, ಅಥವಾ ಒಳಗೆ ತುಕ್ಕು ಹಿಡಿದಿರಬಹುದು.

ರಿವರ್ಸ್ ಬಂದು ಬಾಲನ್ನ ಕಪ್ಲರ್ ಕೆಳಗೆ ತರೋವಾಗ ಗಂಡ ಹೆಂಡತಿ ಜಗಳ ಆಗದ ಮನೆ ಇಲ್ಲ ಅನ್ಸುತ್ತೆ. ನಮ್ಮಲ್ಲಿ ಗೊಂದಲ ಬರ್ತಿದ್ದಿದ್ದು ಒಂದೇ ಪದದಿಂದ, "ರೈಟ್". ಅವಳು ರೈಟ್ ರೈಟ್ ಅಂದ್ರೆ ಸರಿಯಾಗಿದೆ ಬನ್ನಿ ಅಂತ, ನಾನು ಬಲಕ್ಕೆ ತಿರುಗಿಸ್ತಿದ್ದೆ. ಈಗ ಆ ಪದ ಪೂರ್ತಿ ಬಿಟ್ಟಿದೀವಿ. "ಡ್ರೈವರ್ ಕಡೆ", "ಆ ಕಡೆ", "ಬನ್ನಿ", "ನಿಲ್ಸಿ", ಇಷ್ಟೇ. ಅವಳು ನಂಗೆ ಕನ್ನಡೀಲಿ ಕಾಣ್ಲಿಲ್ಲ ಅಂದ್ರೆ ಆ ಕ್ಷಣ ನಿಲ್ಲಿಸ್ತೀನಿ. ಗಾಡಿ ಚಲಿಸ್ತಿರೋವಾಗ ಗಾಡಿಗೂ ಟ್ರೈಲರಿಗೂ ಮಧ್ಯೆ ಯಾರೂ ಕಾಲಿಡೋ ಹಾಗಿಲ್ಲ, ಮಕ್ಕಳಂತೂ ಸುತ್ತಮುತ್ತಾನೂ ಬೇಡ, ಈ ಒಂದು ವಿಷಯದಲ್ಲಿ ನಾನು ಮನೆಯವರ ಹತ್ರ ಜೋರಾಗೇ ಮಾತಾಡ್ತೀನಿ.

ಇನ್ನು ಬಿಚ್ಚೋದು. ಜೋಡಿಸೋದಕ್ಕಿಂತ ಇದೇ ಅಪಾಯ ಅಂತ ನನ್ನ ಅಭಿಪ್ರಾಯ, ಯಾಕಂದ್ರೆ ದಿನ ಪೂರ್ತಿ ಓಡಿಸಿ ಸುಸ್ತಾಗಿರ್ತೀವಿ, ಕತ್ತಲಾಗ್ತಿರುತ್ತೆ, ಮಕ್ಕಳಿಗೆ ಹಸಿವು, ಬೇಗ ಬಿಚ್ಚಿ ಒಳಗೆ ಹೋದ್ರೆ ಸಾಕು ಅನ್ಸುತ್ತೆ. ಆ ಹೊತ್ತಲ್ಲಿ ಮನುಷ್ಯ ಮರೆಯೋದು ಚಕ್ರಕ್ಕೆ ಅಡ್ಡ ಕೊಡೋದನ್ನ. ಕಪ್ಲರ್ ಬಾಲಿಂದ ಎದ್ದ ಆ ಗಳಿಗೆ ತನಕ ಟ್ರೈಲರನ್ನ ಹಿಡಿದಿರೋದು ಗಾಡಿ. ಎದ್ದ ಮೇಲೆ ಹಿಡಿಯೋಕೆ ಇರೋದು ಆ ಅಡ್ಡಗಳು ಮಾತ್ರ. ತುಂಬಾ ಟ್ರೈಲರ್‌ಗಳಿಗೆ ತಮ್ಮದೇ ಹ್ಯಾಂಡ್‌ಬ್ರೇಕ್ ಇರಲ್ಲ. ಮೂಲೆಗಳಲ್ಲಿರೋ ಸ್ಟೆಬಿಲೈಸರ್ ಕಾಲು ಇಳಿಸಿದ್ರೆ ನಿಲ್ಲುತ್ತೆ ಅಂದ್ಕೋಬೇಡಿ, ಅದು ಒಳಗೆ ಓಡಾಡೋವಾಗ ಅಲ್ಲಾಡದೆ ಇರ್ಲಿ ಅಂತ ಇರೋದು, ಉರುಳೋ ಟ್ರೈಲರನ್ನ ಅದು ತಡೆಯಲ್ಲ, ಮಡಚಿಕೊಂಡು ಹೋಗುತ್ತೆ. ನೆಲ ಸಪಾಟು ಕಂಡ್ರೂ ಎರಡೂ ಕಡೆ ಚಕ್ರಕ್ಕೆ, ಮುಂದೂ ಹಿಂದೂ, ರಬ್ಬರಿಗೆ ಒತ್ತಿ ಕೂರೋ ಹಾಗೆ ಇಡಿ.

ಕ್ರಮ ಮುಖ್ಯ. ಎಡ ಬಲ ಲೆವೆಲ್ ಮಾಡೋದಿದ್ರೆ, ಅಂದ್ರೆ ಒಂದು ಕಡೆ ಚಕ್ರವನ್ನ ಹಲಗೆ ಮೇಲೆ ಹತ್ತಿಸೋದಿದ್ರೆ, ಅದು ಬಿಚ್ಚೋಕೆ ಮುಂಚೇನೇ ಆಗ್ಬೇಕು, ಬಿಚ್ಚಿದ್ಮೇಲೆ ಗಾಡಿ ಇಲ್ದೆ ಹತ್ತಿಸೋದು ಹೇಗೆ. ಆಮೇಲೆ ಗಾಡಿಗೆ ಪಾರ್ಕಿಂಗ್ ಬ್ರೇಕ್, ಚಕ್ರಕ್ಕೆ ಅಡ್ಡ, ಜಾಕ್ ಕೆಳಗೆ ಗಟ್ಟಿ ಮರದ ತುಂಡು, ವಯರು ಮತ್ತು ಬ್ರೇಕ್‌ಅವೇ ಕೇಬಲ್ ಬಿಚ್ಚೋದು, ಲ್ಯಾಚ್ ತೆಗೆಯೋದು, ಎತ್ತೋದು. ಚೈನ್ ಮಾತ್ರ ನಾನು ಕೊನೇಲಿ ಬಿಚ್ತೀನಿ. ಕಪ್ಲರ್ ಪೂರ್ತಿ ಬಾಲಿಂದ ಮೇಲೆ ಬಂದು, ಟ್ರೈಲರ್ ಒಂದಿಷ್ಟೂ ಅಲುಗಾಡದೆ ನಿಂತಿದೆ ಅಂತ ನೋಡ್ಕೊಂಡ ಮೇಲೆ. ಅಡ್ಡ ಜಾರಿದ್ರೂ ಚೈನ್ ಇದ್ರೆ ಒಂದು ಅಡಿ ಹೋಗಿ ನಿಲ್ಲುತ್ತೆ, ಚೈನ್ ಇಲ್ಲ ಅಂದ್ರೆ ಅದು ಎಲ್ಲಿ ಹೋಗಿ ನಿಲ್ಲುತ್ತೋ ಇಳಿಜಾರಿಗೇ ಗೊತ್ತು. ಮೊದಲೇ ಚೈನ್ ಬಿಚ್ಚೋರು ತುಂಬಾ ಜನ ಇದ್ದಾರೆ, ಅವರ ಜೊತೆ ನಾನು ವಾದ ಮಾಡಿದೀನಿ, ಮುಂದೇನೂ ಮಾಡ್ತೀನಿ.

ಕೆಲವೊಮ್ಮೆ ಲ್ಯಾಚ್ ಬಿಚ್ಚಿ ಜಾಕ್ ಎಷ್ಟು ಎತ್ತಿದ್ರೂ ಕಪ್ಲರ್ ಬಿಡಲ್ಲ, ಗಾಡೀನೂ ಜೊತೆಗೇ ಎದ್ದು ಬರುತ್ತೆ. ಟ್ರೈಲರ್ ಸ್ವಲ್ಪ ಹಿಂದಕ್ಕೋ ಮುಂದಕ್ಕೋ ಒತ್ತಿ ನಿಂತಿರೋದಕ್ಕೆ ನಾಲಿಗೆ ಬಾಲಿಗೆ ಸಿಕ್ಕಿಹಾಕ್ಕೊಂಡಿರುತ್ತೆ. ಒದೆಯೋದು, ಬಡಿಯೋದು ಬೇಡ, ಕೈ ಸಿಕ್ಕಿದ್ರೆ ಬೆರಳು ಹೋಗುತ್ತೆ. ಜಾಕ್ ವಾಪಸ್ ಇಳಿಸಿ, ಗಾಡೀನ ಒಂದು ಬೆರಳಷ್ಟು ಅತ್ತ ಇತ್ತ ಸರಿಸಿ, ಬಿಡುತ್ತೆ.

ವೆಯ್ಟ್ ಡಿಸ್ಟ್ರಿಬ್ಯೂಷನ್ ಹಿಚ್ (ಬಾಲ್ ಮೇಲಿನ ಭಾರವನ್ನ ಗಾಡಿಯ ಮುಂದಿನ ಚಕ್ರಕ್ಕೂ ಹಂಚೋ ಜೋಡಣೆ) ಇರೋರಿಗೆ ಒಂದು ಮಾತು. ಆ ಎರಡು ಸ್ಪ್ರಿಂಗ್ ಬಾರ್‌ಗಳಲ್ಲಿ ಇರೋ ಬಿಗುವು ಸಾಮಾನ್ಯದ್ದಲ್ಲ. ಕಪ್ಲರ್ ಇನ್ನೂ ಲಾಕ್ ಆಗಿರೋವಾಗ್ಲೇ ಜಾಕಿಂದ ಟಂಗನ್ನೂ ಗಾಡಿಯ ಹಿಂಭಾಗವನ್ನೂ ಒಟ್ಟಿಗೆ ಎತ್ತಿದ್ರೆ ಬಾರ್ ಸಡಿಲ ಆಗುತ್ತೆ, ಕೈಯಲ್ಲೇ ಬಿಚ್ಚಬಹುದು. ಹಾಗೆ ಮಾಡದೆ ರಾಡ್ ಸಿಕ್ಕಿಸಿ ಬಲವಂತವಾಗಿ ಕೆಳಗಿಳಿಸೋಕೆ ಹೋದ್ರೆ ಅದು ಛಟ್ ಅಂತ ವಾಪಸ್ ಬರುತ್ತೆ, ಎದುರಿಗೆ ಮುಖ ಇದ್ರೆ ಮುಖ, ಮೊಣಕಾಲು ಇದ್ರೆ ಮೊಣಕಾಲು. ರಾಡ್ ಬೇಕೇ ಬೇಕು ಅನ್ನಿಸ್ತಿದೆ ಅಂದ್ರೆ ನೀವು ಇನ್ನೂ ಸಾಕಷ್ಟು ಎತ್ತಿಲ್ಲ ಅಂತ ಅರ್ಥ.

ಬಾಲಿಂದ ಎದ್ದ ಎತ್ತರಕ್ಕೆ ಜಾಕ್ ಕಂಬದ ಮೇಲೆ ಒಂದು ಟೇಪ್ ಅಂಟಿಸಿ ಗುರುತು ಮಾಡ್ಕೊಳ್ಳಿ, ಹೊರಡೋ ದಿನ ಅದೇ ಎತ್ತರಕ್ಕೆ ತಂದು ನಿಲ್ಲಿಸಿದ್ರೆ ಗಾಡಿ ಸಲೀಸಾಗಿ ಕೆಳಗೆ ಬರುತ್ತೆ. ಗಾಡಿ ಮುಂದೆ ತೆಗೆಯೋ ಮುಂಚೆ ಚೈನ್, ವಯರ್, ಕೇಬಲ್ ಮೂರೂ ಬಿಟ್ಟಿದ್ಯಾ ಅಂತ ಕೈಯಲ್ಲಿ ಎಣಿಸಿ. ಪಿಕಪ್ ಇರೋರು ಹಿಂದಿನ ಬಾಗಿಲು ಬಿಚ್ಚೋಕೆ ಮುಂಚೆ ಜಾಕ್ ಎಲ್ಲಿದೆ ನೋಡಿ, ಬಾಗಿಲು ನೇರ ಅದರ ತಲೆ ಮೇಲೆ ಬೀಳುತ್ತೆ.

ಪಟ್ಟಿ ಮಾಡಿಟ್ಟುಕೊಳ್ಳಿ ಅಂತ ಎಲ್ಲರೂ ಹೇಳ್ತಾರೆ, ನಂಗೂ ಮೊದಲಿಂದ ಒಂದು ಪಟ್ಟಿ ಇತ್ತು, ಡ್ರಾಯರಲ್ಲಿ. ಅದು ಅವತ್ತು ಏನೂ ಉಪಯೋಗಕ್ಕೆ ಬರ್ಲಿಲ್ಲ. ಈಗ ಎರಡು ಬದಲಾವಣೆ ಮಾಡಿದೀನಿ. ಒಂದು, ಅಡ್ಡಗಳು, ಕಪ್ಲರ್ ಪಿನ್, ಬೀಗ ಎಲ್ಲಕ್ಕೂ ಒಂದೇ ಡಬ್ಬಿ, ಒಂದೊಂದಕ್ಕೂ ಅದರದ್ದೇ ಜಾಗ. ಬಾಲ್ ಸರಿಯಾದ ಜಾಗಕ್ಕೆ ಬಂದು ಎಂಜಿನ್ ಆಫ್ ಮಾಡಿದ ತಕ್ಷಣ ಗಾಡಿ ಕೀ ಆ ಡಬ್ಬಿಯೊಳಗೆ ಹೋಗುತ್ತೆ. ಹೊರಡ್ಬೇಕು ಅಂದ್ರೆ ಕೀ ತಗೋಳ್ಳೋಕೆ ಡಬ್ಬಿ ತೆಗೀಲೇಬೇಕು, ತೆಗೆದಾಗ ಪಿನ್ ಅಲ್ಲೇ ಕೂತಿದ್ರೆ, ಅಥವಾ ಅಡ್ಡದ ಜಾಗ ಖಾಲಿ ಇದ್ರೆ, ಕಣ್ಣಿಗೆ ಹೊಡೆಯುತ್ತೆ. ಪಿನ್ ಜೇಬಿಗೆ ಹೋಗೋ ಹಾಗೇ ಇಲ್ಲ, ಒಂದೋ ಡಬ್ಬೀಲಿ ಒಂದೋ ಕಪ್ಲರಲ್ಲಿ.

ಎರಡನೇದು, ಜಪಾನಿನ ರೈಲಿನವರಿಂದ ಕಲಿತಿದ್ದು. ಅಲ್ಲಿ ಡ್ರೈವರ್‌ಗಳು ಸಿಗ್ನಲ್ ಕಡೆ ಬೆರಳು ತೋರಿಸಿ ಅದನ್ನ ಬಾಯಿಬಿಟ್ಟು ಹೇಳ್ತಾರೆ, ಒಬ್ಬರೇ ಇದ್ರೂ ಹೇಳ್ತಾರೆ. ಸುಮ್ನೆ ಕಣ್ಣು ಹಾಯಿಸಿದ್ರೆ ಮನಸ್ಸು ನೋಡ್ಬೇಕು ಅಂದ್ಕೊಂಡಿದ್ದನ್ನೇ ನೋಡುತ್ತೆ, ಕೈ ಮುಟ್ಟಿ ಬಾಯಲ್ಲಿ ಹೇಳೋವಾಗ ಹಾಗೆ ತಪ್ಪಿಸ್ಕೊಳ್ಳೋಕೆ ಆಗಲ್ಲ. ಹಾಗಾಗಿ ಮಗಳು ಮೆಟ್ಟಿಲ ಮೇಲೆ ಕೂತು ಪಟ್ಟಿ ಓದ್ತಾಳೆ, ನಾನು ಒಂದೊಂದನ್ನೂ ಮುಟ್ಟಿ ಉತ್ತರ ಕೊಡ್ತೀನಿ. "ಪಿನ್?" "ಹಾಕಿದೆ." "ಮುಟ್ಟಿದ್ರಾ ಅಪ್ಪಾ?" "ಮುಟ್ಟಿದೆ." ಲ್ಯಾಚ್, ಚೈನ್, ಕೇಬಲ್, ಪ್ಲಗ್, ಜಾಕ್ ಪೂರ್ತಿ ಮೇಲೆ, ನಾಲ್ಕೂ ಸ್ಟೆಬಿಲೈಸರ್ ಮೇಲೆ, ಮೆಟ್ಟಿಲು ಒಳಗೆ, ಆನಿಂಗ್ ಲಾಕ್, ಮೇಲಿನ ವೆಂಟ್ ಮುಚ್ಚಿದೆ, ಗ್ಯಾಸ್ ಬಂದ್, ಕರೆಂಟ್ ವಯರು ನೀರಿನ ಪೈಪು ಬಿಚ್ಚಿದೆ, ಫ್ರಿಜ್ ಬಾಗಿಲು ಲಾಕ್, ಟೈರ್ ಗಾಳಿ, ಕೊನೆಗೆ ಅಡ್ಡಗಳು. ಅಡ್ಡ ಯಾವಾಗ್ಲೂ ಕೊನೆಗೆ, ಎಲ್ಲಾ ಜೋಡಣೆ ಆದ್ಮೇಲೆ.

ಒಳಗೆ ಸಾಮಾನು ತುಂಬೋವಾಗ ಭಾರ ಎಲ್ಲಾ ಹಿಂದಕ್ಕೆ ಹೋಗದ ಹಾಗೆ ನೋಡ್ಕೊಳ್ಳಿ, ಇಂಥ ಟ್ರೈಲರ್‌ಗಳಿಗೆ ಒಟ್ಟು ತೂಕದ 10ರಿಂದ 15 ಪರ್ಸೆಂಟ್ ಬಾಲ್ ಮೇಲೆ ಕೂರ್ಬೇಕು ಅಂತ ಸಾಮಾನ್ಯವಾಗಿ ಹೇಳ್ತಾರೆ, ಮೂತಿ ಹಗುರ ಆದ್ರೆ ಸ್ಪೀಡಲ್ಲಿ ಟ್ರೈಲರ್ ಬಾಲ ಆಡಿಸೋಕೆ ಶುರು ಮಾಡುತ್ತೆ. ಅದರ ಬಗ್ಗೆ ಬೇರೇನೇ ಬರೀಬೇಕು, ಇಲ್ಲಿಗೆ ಬೇಡ.

ಎಲ್ಲಾ ಆದ್ಮೇಲೆ ಗಾಡೀನ ಇಪ್ಪತ್ತು ಮೀಟರ್ ಮುಂದೆ ತಂದು ನಿಲ್ಲಿಸ್ತೀನಿ. ಇಳಿದು ಟ್ರೈಲರ್ ಸುತ್ತ ಒಂದು ಸುತ್ತು ಬಂದು, ನಾವು ಇದ್ದ ಖಾಲಿ ಸೈಟಿಗೆ ವಾಪಸ್ ನಡ್ಕೊಂಡು ಹೋಗಿ ನೆಲ ನೋಡ್ತೀನಿ. ಲೆವೆಲ್ ಹಲಗೆ ಮಣ್ಣಲ್ಲಿ ಹೂತು ಅಲ್ಲೇ ಉಳಿದಿರುತ್ತೆ, ಜಾಕ್ ಕೆಳಗಿನ ಮರದ ತುಂಡು ಇರುತ್ತೆ, ಹೋದ ಸಲ ಮಗಳ ಒಂದು ಚಪ್ಪಲಿ ಇತ್ತು. ಹತ್ತು ಹದಿನೈದು ಕಿಲೋಮೀಟರ್ ಆದ್ಮೇಲೆ ಜಾಗ ಸಿಕ್ಕ ಕಡೆ ಇನ್ನೊಂದು ಸಲ ನಿಲ್ಲಿಸಿ, ಲ್ಯಾಚ್ ಮುಟ್ಟಿ, ಚಕ್ರದ ನಡುಭಾಗದ ಹತ್ರ ಕೈ ಹಿಡಿದು ಬಿಸಿ ನೋಡಿ, ಒಂದು ಉಳಿದಿದ್ದಕ್ಕಿಂತ ಜಾಸ್ತಿ ಕಾದಿಲ್ಲ ಅಂತ ಆದ್ರೆ ಹತ್ತಿ ಹೊರಡ್ತೀನಿ.